ಕಚ್‌ನ ಬಿಳಿ ರಣ್‌ಗೆ ಒಂದು ದಿನದ ಟ್ರಿಪ್: ಮಂಡ್ಯ ಮೈಸೂರು ಕಡೆಯಿಂದ ಹೋಗೋರು ಹೆಂಗೆ ಮಾಡ್ಕೋಬೇಕು

ಅಪ್ಪ ಅಮ್ಮನ್ನ ಕರ್ಕೊಂಡು ಗುಜರಾತಿನ ಕಚ್‌ನಲ್ಲಿರೋ ಬಿಳಿ ರಣ್‌ಗೆ, ಅಂದ್ರೆ ಕಣ್ಣು ಹಾಯೋವರೆಗೂ ಉಪ್ಪು ಕಟ್ಟಿರೋ ಬಯಲಿಗೆ, ಹೋಗಿ ಬಂದ್ಮೇಲೆ ಮೈಸೂರಲ್ಲಿ ನಮ್ಮ ಬೀದಿಯವರು, ಮಂಡ್ಯ ಹತ್ರ ನಮ್ಮೂರಿನವರು, ನೆಂಟರು ಎಲ್ರೂ ಕೇಳ್ತಿರೋದು ಒಂದೇ, ಹೆಂಗೆ ಹೋದ್ರಿ, ಎಷ್ಟಾಯ್ತು, ವಯಸ್ಸಾದವರ ಕೈಲಿ ಆಗುತ್ತಾ ಅಂತ. ಒಬ್ಬೊಬ್ಬರಿಗೂ ಫೋನಲ್ಲಿ ಅರ್ಧಂಬರ್ಧ ಹೇಳೋ ಬದಲು ಪೂರ್ತಿ ಬರೆದುಬಿಡ್ತೀನಿ, ಹೋಗೋರು ಓದ್ಕೊಂಡು ಹೋಗಿ.

ನಾನು ಇದಕ್ಕೂ ಮುಂಚೆ ಒಂದ್ಸಲ ಫ್ರೆಂಡ್ಸ್ ಜೊತೆ ಹೋಗಿದ್ದೆ, ಯಾವುದೋ ಟ್ರಾವೆಲ್ಸ್‌ನವರ ಪ್ಯಾಕೇಜ್. ಅವರು ಬೆಳಿಗ್ಗೆ ಪೂರ್ತಿ ಕಸೂತಿ ಅಂಗಡಿ, ಶಾಲು ಅಂಗಡಿ ಅಂತ ಸುತ್ತಿಸಿ ಮಟಮಟ ಮಧ್ಯಾಹ್ನ ಒಂದೂವರೆಗೆ ತಗೊಂಡೋಗಿ ಉಪ್ಪಿನ ಮೇಲೆ ಬಿಟ್ರು, ಕೆಳಗಿಂದ ಮೇಲಿಂದ ಎರಡೂ ಕಡೆಯಿಂದ ಬೆಳಕು ಹೊಡೆದು ಕಣ್ಣೇ ಬಿಡಕ್ಕಾಗ್ಲಿಲ್ಲ, ಇನ್ನೇನು ಸ್ವಲ್ಪ ಒಳಗೆ ನಡೀಬೇಕು ಅನ್ನೋ ಅಷ್ಟರಲ್ಲಿ ಟೈಮಾಯ್ತು ಬನ್ನಿ ಅಂತ ಕೂಗಿದ್ರು. ಎರಡು ದಿನ ಪ್ರಯಾಣ ಮಾಡಿ ನಲವತ್ತು ನಿಮಿಷ. ತುಂಬ ಬೇಜಾರಾಗಿತ್ತು. ಈ ಸಲ ಅದೇ ಜಾಗ ಅದೇ ಉಪ್ಪು, ಆದ್ರೆ ಅಪ್ಪ ಅಲ್ಲಿಂದ ಏಳೋಕೇ ಒಪ್ಪಲಿಲ್ಲ. ನನಗೆ ಗೊತ್ತಾಗಿದ್ದು ಇಷ್ಟು, ಯಾವ ಹೊತ್ತಲ್ಲಿ ಉಪ್ಪಿನ ಮೇಲೆ ಕಾಲಿಡ್ತೀರ, ಯಾರ ಹಿಂದೆ ಕಾಲಿಡ್ತೀರ, ಇವೆರಡನ್ನ ಸರಿ ಮಾಡ್ಕೊಂಡ್ರೆ ಮಿಕ್ಕಿದ್ದು ದೊಡ್ಡ ವಿಷಯ ಅಲ್ಲ.

ಮೊದಲು ಯಾವ ತಿಂಗಳು ಅನ್ನೋದು. ನಮ್ಮ ಕಡೆಯವರು ಎಲ್ಲಿಗೆ ಹೋಗ್ಬೇಕಂದ್ರೂ ದಸರಾ ರಜೆ ನೋಡ್ತಾರೆ, ಇದಕ್ಕೆ ಮಾತ್ರ ದಸರಾ ರಜೆ ಬೇಡ. ರಣ್ ಅಂದ್ರೆ ಮರಳುಗಾಡು ಅಲ್ಲ, ಒಂದು ಕಾಲದಲ್ಲಿ ಸಮುದ್ರ ಒಳಗೆ ಚಾಚ್ಕೊಂಡಿದ್ದ ಜಾಗ, ಹೂಳು ತುಂಬ್ಕೊಂಡು ತಟ್ಟೆ ತರ ಸಮ ಆಗಿದೆ. ಮಳೆಗಾಲದಲ್ಲಿ ಗಾಳಿಗೆ ಸಮುದ್ರದ ನೀರು ಒಳಗೆ ಬರುತ್ತೆ, ಅದ್ರ ಜೊತೆ ಮಳೆ ನೀರು, ನದಿ ನೀರು ಸೇರಿ ಕಣ್ಣು ಹಾಯೋವರೆಗೂ ತೆಳ್ಳಗೆ ನಿಂತಿರುತ್ತೆ. ಅಕ್ಟೋಬರ್‌ನಲ್ಲಿ ಆರೋಕೆ ಶುರು ಆಗಿ, ನೀರು ಆವಿಯಾದಷ್ಟೂ ಉಪ್ಪು ಮೇಲೆ ಕಟ್ಕೊಳ್ಳುತ್ತೆ, ಹಾಲು ಕಾಯ್ಸಿ ಇಟ್ರೆ ನಿಧಾನಕ್ಕೆ ಕೆನೆ ಕಟ್ಟಲ್ವಾ ಹಂಗೆ. ದಸರಾಗೆ ಹೋದ್ರೆ ಕೆಸರು ನೀರು ನೋಡ್ಕೊಂಡು ಬರ್ಬೇಕು. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆ ಟೈಮು, ಅದ್ರಲ್ಲೂ ನನ್ನ ಕೇಳಿದ್ರೆ ಸಂಕ್ರಾಂತಿ ಕಳೆದ ಮೇಲೆ ಹೋಗಿ. ನಮ್ಮಪ್ಪಂತೂ ಹಸು ಎತ್ತಿಗೆ ಕಿಚ್ಚು ಹಾಯಿಸದೆ ಊರು ಬಿಡಲ್ಲ ಅಂದಿದ್ರು, ಅದೇ ಒಳ್ಳೇದಾಯ್ತು, ಉಪ್ಪು ಪೂರ್ತಿ ಗಟ್ಟಿಯಾಗಿತ್ತು. ಜನವರಿ 26ರ ರಜೆ, ಶನಿವಾರ ಭಾನುವಾರ ತಪ್ಪಿಸಿ, ಜನ ಜಾತ್ರೆ. ಹುಣ್ಣಿಮೆ ರಾತ್ರಿ ನೋಡ್ಬೇಕು ಅಂತ ಆಸೆ ಇದ್ರೆ ಅದೂ ಸರಿನೇ, ಆದ್ರೆ ಆ ದಿನಗಳಲ್ಲಿ ರೂಮ್ ರೇಟ್ ಜಾಸ್ತಿ ಇರುತ್ತೆ, ಮುಂಚೆನೇ ಬುಕ್ ಮಾಡ್ಬೇಕು. ಮಳೆ ಲೇಟಾಗಿ ಬಂದ ವರ್ಷ ಡಿಸೆಂಬರಲ್ಲೂ ನೀರು ನಿಂತಿರುತ್ತೆ, ಅದಕ್ಕೆ ಟಿಕೆಟ್ ಮಾಡೋಕೆ ಮುಂಚೆ ಅಲ್ಲಿಯವರಿಗೆ ಫೋನ್ ಮಾಡಿ ಇವತ್ತಿನ ವಿಡಿಯೋ ಒಂದು ಕಳ್ಸಿ ಅಂತ ಕೇಳಿ, ಹಳೇ ಫೋಟೋ ನಂಬಬೇಡಿ.

ಹೋಗೋದು ಹೆಂಗೆ ಅಂದ್ರೆ ಭುಜ್ ಊರಿಗೆ ತಲುಪಬೇಕು, ಅಲ್ಲಿಂದ ಎಲ್ಲಾ. ಮೈಸೂರಿಂದ ಅಜ್ಮೀರ್ ಎಕ್ಸ್‌ಪ್ರೆಸ್ ಅಹಮದಾಬಾದ್ ಮೇಲೇ ಹೋಗುತ್ತೆ, ವಾರಕ್ಕೆ ಎರಡೇ ದಿನ, ಟಿಕೆಟ್ ಬೇಗ ಖಾಲಿ ಆಗುತ್ತೆ. ಅಹಮದಾಬಾದಿಂದ ಭುಜ್ ಮುನ್ನೂರು ಚಿಲ್ಲರೆ ಕಿಲೋಮೀಟರ್, ರಾತ್ರಿ ಬಸ್ ಇದಾವೆ, ಟ್ರೇನ್ ಇದೆ, 2024ರಿಂದ ನಮೋ ಭಾರತ್ ರೈಲೂ ಓಡ್ತಿದೆ. ದುಡ್ಡು ಪರವಾಗಿಲ್ಲ ಅನ್ನೋರು ಬೆಂಗಳೂರಿಂದ ಮುಂಬೈ, ಮುಂಬೈಯಿಂದ ಭುಜ್ ವಿಮಾನ. ಹಿರಿಯರು ಜೊತೆಲಿದ್ರೆ ಭುಜ್ ತಲುಪಿದ ದಿನಾನೇ ರಣ್‌ಗೆ ಹೊರಡಬೇಡಿ, ಒಂದಿನ ಊರಲ್ಲೇ ಇರಿ. 2001ರ ಜನವರಿ 26ರ ಭೂಕಂಪ ನೆನಪಿರುತ್ತಲ್ಲ, ಅದರಲ್ಲಿ ತೀರ್ಕೊಂಡವರ ನೆನಪಿಗೆ ಅಂತ ಭುಜಿಯೋ ಗುಡ್ಡದ ಮೇಲೆ ಸ್ಮೃತಿವನ ಮಾಡಿದಾರೆ, ಮಧ್ಯಾಹ್ನದ ಮೇಲೆ ಅಲ್ಲಿಗೆ ಹೋಗಿ ಬನ್ನಿ, ಅಮ್ಮ ಅಲ್ಲಿ ತುಂಬ ಹೊತ್ತು ಸುಮ್ನೆ ಕೂತಿದ್ರು.

ಈಗ ಮುಖ್ಯವಾದ ವಿಷಯ, ಗೈಡು. ಭುಜಲ್ಲಿ ಟ್ಯಾಕ್ಸಿ ಬೇಕಾದಷ್ಟು ಸಿಗುತ್ತೆ, ಆದ್ರೆ ಡ್ರೈವರ್ ಬೇರೆ ಗೈಡ್ ಬೇರೆ. ರಣ್‌ಗೆ ಹೋಗೋ ದಾರೀಲಿ ಬನ್ನಿ ಅಂತ ದೊಡ್ಡ ಹುಲ್ಲುಗಾವಲು ಬರುತ್ತೆ, ಅಲ್ಲಿ ಎಮ್ಮೆ ಕಟ್ಕೊಂಡಿರೋ ಮಾಲ್ಧಾರಿ ಜನ ತಲೆಮಾರುಗಳಿಂದ ಇದಾರೆ, ಆ ಕಡೆ ಹಳ್ಳಿಯವರೇ ಗಾಡಿ ಇಟ್ಕೊಂಡು ಗೈಡ್ ಕೆಲಸ ಮಾಡೋರು ಸಿಕ್ತಾರೆ, ಅಂಥವರನ್ನ ಹುಡುಕಿ. ನೀವು ಉಳ್ಕೊಂಡಿರೋ ಲಾಡ್ಜಿನವರನ್ನೇ ಕೇಳಿ, ಬನ್ನಿ ಕಡೆಯವರು ಯಾರಾದ್ರೂ ಇದಾರಾ ಅಂತ. ಫೋನಲ್ಲಿ ಮಾತಾಡುವಾಗ ನಾನು ಕೇಳಿದ್ದು ಇಷ್ಟು: ಬೆಳಿಗ್ಗೆ ಎಷ್ಟೊತ್ತಿಗೆ ಹೊರಡ್ತೀರ, ಪರ್ಮಿಟ್ಟು ಪಾರ್ಕಿಂಗು ಎಲ್ಲಾ ಸೇರಿನಾ ಬೇರೆನಾ, ಅಂಗಡಿಗಳಿಗೆ ಕರ್ಕೊಂಡು ಹೋಗ್ತೀರಾ (ಬೇಡ ಅಂತ ಆಗ್ಲೇ ಹೇಳ್ಬಿಡಿ, ಇಲ್ಲ ಅಂದ್ರೆ ಒಂದೇ ಒಂದು ಅಂತ ನೀವೇ ಹೇಳಿ), ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆ ಇರ್ತೀರಾ. ಕೊನೇ ಪ್ರಶ್ನೆಗೆ ಯಾರು ಮುಖ ಸಿಂಡರಿಸದೆ ಹೂಂ ಅಂತಾರೋ ಅವರನ್ನ ಗೊತ್ತು ಮಾಡಿ. ನಮಗೆ ಸಿಕ್ಕವರು ಐವತ್ತು ದಾಟಿದ ಮನುಷ್ಯ, ಮನೆಮಾತು ಕಚ್ ಕಡೆಯ ಕಚ್ಚಿ ಭಾಷೆ, ಹಿಂದಿ ಚೆನ್ನಾಗಿ ಬರ್ತಿತ್ತು, ನಾವು ಭಾಯ್ ಅಂತಿದ್ವಿ, ಅವರು ಅಪ್ಪನ್ನ ಕಾಕಾ ಅಂತಿದ್ರು. ದಿನಕ್ಕೆ ಗಾಡಿ ಗೈಡ್ ಎಲ್ಲಾ ಸೇರಿ ಐದು ಸಾವಿರದ ಮೇಲೆ ಸ್ವಲ್ಪ ಆಯ್ತು, ಸೀಸನ್ ನೋಡ್ಕೊಂಡು ಹೆಚ್ಚು ಕಮ್ಮಿ ಆಗುತ್ತೆ. ಇನ್ನೊಂದು, ಗಾಡಿನ ಉಪ್ಪಿನ ಮೇಲೇ ಓಡಿಸ್ತೀನಿ ಸಾರ್, ವಿಡಿಯೋ ಚೆನ್ನಾಗಿ ಬರುತ್ತೆ ಅನ್ನೋರು ಸಿಕ್ರೆ ಅಲ್ಲೇ ಬೇಡ ಅನ್ನಿ. ಕೆಳಗೆ ಹಸಿ ಜೇಡಿ ಇರುತ್ತೆ, ಚಕ್ರ ಹೂತ್ಕೊಂಡ್ರೆ ಎಳೆಯೋರು ಯಾರೂ ಇರಲ್ಲ, ಆ ಗಾಲಿ ಗುರುತು ಬೇರೆ ಮುಂದಿನ ಮಳೆಗಾಲದವರೆಗೂ ಹಂಗೇ ಉಳ್ಕೊಳ್ಳುತ್ತೆ.

ದಿನ ಹೆಂಗೆ ಹಂಚ್ಕೋಬೇಕು ಅಂದ್ರೆ, ಭುಜ್‌ನಿಂದ ಬೆಳಿಗ್ಗೆ ಆರೂವರೆಗೆ ಹೊರಡಿ. ಇಷ್ಟು ಪಶ್ಚಿಮಕ್ಕೆ ಬಂದಿರೋದ್ರಿಂದ ಜನವರೀಲಿ ಅಲ್ಲಿ ಸೂರ್ಯ ಹುಟ್ಟೋದೇ ಏಳೂಕಾಲು ಏಳೂವರೆ ಆಗುತ್ತೆ, ಆರೂವರೆ ಅಂದ್ರೆ ಇನ್ನೂ ಕಗ್ಗತ್ತಲು, ಚಳಿ ಬೇರೆ, ಸ್ವೆಟರ್ ಮಫ್ಲರ್ ಬೇಕೇ ಬೇಕು. ಸುಮಾರು ಒಂದು ಗಂಟೆ ದೂರದಲ್ಲಿ ಭಿರಂಡಿಯಾರಾ ಅಂತ ಊರು, ಅಲ್ಲಿ ಪರ್ಮಿಟ್ ಮಾಡಿಸ್ಬೇಕು, ಪಾಕಿಸ್ತಾನದ ಗಡಿ ಹತ್ರ ಅಲ್ವಾ ಅದಕ್ಕೆ. ಎಲ್ರ ಆಧಾರ್ ಒರಿಜಿನಲ್ಲೂ ಜೆರಾಕ್ಸೂ ಎರಡೂ ಇರ್ಲಿ, ತಲೆಗೆ ನೂರು ರೂಪಾಯಿ ತಗೊಂಡ್ರು, ಆನ್‌ಲೈನಲ್ಲೂ ಮಾಡ್ಬೋದು. ಆ ಊರಲ್ಲಿ ಎಮ್ಮೆ ಹಾಲಿನ ಮಾವಾ ಫೇಮಸ್ಸು, ಅದೇ ನಮ್ಮ ಖೋವಾ, ಬಿಸಿಬಿಸಿ ಕೊಡ್ತಾರೆ. ಬನ್ನಿ ಎಮ್ಮೆ ಅಂತಾನೇ ತಳಿ ಇದೆ, ಅವು ರಾತ್ರಿ ಹೊತ್ತು ತಾವೇ ಮೇಯೋಕೆ ಹೋಗಿ ಬೆಳಿಗ್ಗೆ ಕೊಟ್ಟಿಗೆಗೆ ವಾಪಸ್ ಬರ್ತಾವಂತೆ, ಅಪ್ಪ ಇದನ್ನ ಮೂರು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು. ದಾರಿ ಎರಡೂ ಕಡೆ ಕಾಣೋ ಮುಳ್ಳಿನ ಗಿಡ ನಮ್ಮ ಬಳ್ಳಾರಿ ಜಾಲಿನೇ, ಅಲ್ಲೂ ಹುಲ್ಲುಗಾವಲು ತಿಂದು ಹಾಕ್ತಿದೆ ಅಂತ ಭಾಯ್ ಸಂಕಟ ಪಟ್ಕೊಂಡ್ರು.

ಇಲ್ಲಿಂದ ಎರಡು ದಾರಿ. ಕಾಲು ನೋವಿರೋರು, ಚಿಕ್ಕ ಮಕ್ಕಳು ಇದ್ರೆ ಕಾಲಾ ಡುಂಗರ್‌ಗೆ ಹೋಗಿ, ಕಚ್‌ನಲ್ಲೇ ಎತ್ತರದ ಗುಡ್ಡ ಅದು, ಮೇಲೆ ದತ್ತಾತ್ರೇಯ ದೇವಸ್ಥಾನ, ಪ್ರಸಾದದ ಅನ್ನನ ನರಿಗಳಿಗೆ ಇಡೋ ಪದ್ಧತಿ ಇದೆ, ಮೇಲಿಂದ ಇಡೀ ರಣ್ ಕಾಣುತ್ತೆ. ನಾವು ಅದನ್ನ ಬಿಟ್ಟು ಖಾವ್ಡಾ ಮೇಲೆ ಧೋಳಾವೀರಾ ಕಡೆ ಹೋದ್ವಿ, ಯಾಕಂದ್ರೆ ಉಪ್ಪಿನ ನಡುವೆ ಹಾದು ಹೋಗೋ ರಸ್ತೆ ಇರೋದು ಅಲ್ಲೇ. ಸುಮಾರು ಮೂವತ್ತು ಕಿಲೋಮೀಟರ್ ಎಡಕ್ಕೂ ಬಲಕ್ಕೂ ಬೇರೆ ಏನೂ ಇಲ್ಲ, ಒಂದು ಕಡೆ ನೀರು ಕನ್ನಡಿ ತರ ನಿಂತಿರುತ್ತೆ, ಇನ್ನೊಂದು ಕಡೆ ಉಪ್ಪು, ರಸ್ತೆ ಒಂದೇ ಕರ್ರಗೆ ದಾರ ಎಳೆದಂಗೆ. ಬಿಸಿಲುಗುದುರೆ ಅನ್ನೋ ಪದ ಸ್ಕೂಲ್ ಪುಸ್ತಕದಲ್ಲಿ ಓದಿದ್ದು, ಕಣ್ಣಾರೆ ನೋಡಿದ್ದು ಇಲ್ಲೇ, ಹತ್ತು ಗಂಟೆ ಹೊತ್ತಿಗೆ ದೂರದ ಗುಡ್ಡ ಬುಡ ಬಿಟ್ಟು ಮೇಲೆ ತೇಲ್ತಿತ್ತು, ಅಮ್ಮ ಅಲ್ಲೊಂದು ಕೆರೆ ಇದೆ ನೋಡು ಅಂತ ತೋರಿಸಿದ ಕಡೆ ಹೋದ್ರೆ ಒಣ ನೆಲ. ಗುರುತು ಹಿಡಿಯೋಕೆ ಒಂದು ಮರ ಇಲ್ಲದ ಜಾಗದಲ್ಲಿ ಕಣ್ಣು ನಂಬಬಾರದು, ಒಬ್ಬೊಬ್ರೇ ರಸ್ತೆ ಬಿಟ್ಟು ಇಳಿದು ದೂರ ಹೋಗೋದು ಬೇಡ ಅಂತ ಭಾಯ್ ಮೊದಲೇ ಹೇಳಿದ್ರು. ಭೂಮಿ ಇಲ್ಲಿ ಸುಮ್ನೆ ಕೂತಿಲ್ಲ ಅನ್ನೋದನ್ನೂ ಅವರೇ ಹೇಳಿದ್ದು, 1819ರ ಭೂಕಂಪದಲ್ಲಿ ಉತ್ತರಕ್ಕೆ ನೆಲ ಉದ್ದಕ್ಕೆ ಎದ್ದು ಏರಿ ತರ ಆಯ್ತಂತೆ, ಅಲ್ಲಾ ಬಂಡ್ ಅಂತಾರೆ, ಅದೇ ಸಲ ಸಿಂಧ್ರಿ ಅನ್ನೋ ಕೋಟೆ ನೀರಲ್ಲಿ ಮುಳುಗೋಯ್ತು.

ಧೋಳಾವೀರಾ ಹರಪ್ಪ ಕಾಲದ ಊರು, 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಎರಡು ಗಂಟೆ ಸಾಕು. ಸುತ್ತ ಉಪ್ಪು, ಕುಡಿಯೋ ನೀರಿಗೆ ಏನು ಮಾಡಿದ್ರು ಅಂದ್ರೆ ಊರ ಸುತ್ತ ಬಂಡೆ ಕಡಿದು, ಕಲ್ಲು ಕಟ್ಟಿ ಸಾಲಾಗಿ ಕೆರೆಗಳನ್ನ ಮಾಡಿ, ಮಳೆಗಾಲದಲ್ಲಿ ಮಾತ್ರ ಹರಿಯೋ ಎರಡು ಹಳ್ಳಗಳ ನೀರನ್ನ ತಿರುಗಿಸಿ ತುಂಬಿಸ್ಕೊಂಡಿದಾರೆ. ಒಂದು ಕೊಳದ ಮೆಟ್ಟಿಲು ನೋಡಿ ಅಪ್ಪ, ಮೇಲುಕೋಟೆ ಕಲ್ಯಾಣಿ ಇದ್ದಂಗೇ ಐತಲ್ಲವ್ವ ಅಂದ್ರು. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಮೆಟ್ಟಿಲು. ನಾಲೆ ನೀರಿನ ಪಾಳಿಗೆ ರಾತ್ರಿ ಎದ್ದು ಹೋಗಿ ಅಭ್ಯಾಸ ಇರೋರಿಗೆ ಆ ಊರು ಬೇಗ ಅರ್ಥ ಆಗುತ್ತೆ ಅನ್ಸುತ್ತೆ.

ಹನ್ನೆರಡೂವರೆಗೆ ಅಲ್ಲಿಂದ ಹೊರಡಲೇಬೇಕು, ಬಿಳಿ ರಣ್ ಅಂಚಲ್ಲಿರೋ ಧೋರ್ಡೋ ಊರಿಗೆ ನಾಲ್ಕೂವರೆ ಒಳಗೆ ತಲುಪಬೇಕು, ಇದನ್ನ ಮಾತ್ರ ಸಡಿಲ ಬಿಡಬೇಡಿ. ಊಟಕ್ಕೆ ದಾರೀಲಿ ಖಾವ್ಡಾ ಹತ್ರ ಸಜ್ಜೆ ರೊಟ್ಟಿ, ಅವರು ಬಾಜ್ರಾ ರೋಟ್ಲೋ ಅಂತಾರೆ, ಬೆಣ್ಣೆ, ಬೆಲ್ಲ, ಮಜ್ಜಿಗೆ. ಮುದ್ದೆ ಬಿಟ್ಟು ಇರಲಾರದ ನಮ್ಮಪ್ಪನಿಗೂ ಇದು ಒಗ್ಗಿತು. ಆದ್ರೂ ಕೈಲಿ ಏನಾದ್ರೂ ಇರ್ಲಿ, ನಾವು ಮದ್ದೂರು ವಡೆ ಕಟ್ಟಿಸ್ಕೊಂಡು ಹೋಗಿದ್ವಿ, ನಾಲ್ಕೈದು ದಿನ ಏನೂ ಆಗ್ಲಿಲ್ಲ, ಭಾಯ್‌ಗೂ ಇಷ್ಟ ಆಗಿ ಮನೆಗೆ ಎರಡು ತಗೊಂಡೋದ್ರು. ಹೆಂಗಸರಿಗೆ ಒಂದು ಮಾತು, ಟಾಯ್ಲೆಟ್ ಭಿರಂಡಿಯಾರಾದಲ್ಲಿ, ಧೋಳಾವೀರಾದಲ್ಲಿ, ಧೋರ್ಡೋ ಗೇಟ್ ಹತ್ರ, ಅಲ್ಲಲ್ಲೇ ಹೋಗ್ಬಿಡಿ, ಮಧ್ಯದಲ್ಲಿ ಮರೆ ಅನ್ನೋದೇ ಇಲ್ಲ. ಅದಕ್ಕೆ ಹೆದರಿ ನೀರು ಕುಡಿಯೋದು ಮಾತ್ರ ಕಮ್ಮಿ ಮಾಡಬೇಡಿ, ಒಣ ಗಾಳಿಗೆ ಬೆವರು ಬರೋದು ಗೊತ್ತೇ ಆಗಲ್ಲ, ಉಪ್ಪು ತಿಂದೋರು ನೀರು ಕುಡೀಲೇಬೇಕು ಅನ್ನೋದು ಇಲ್ಲಿ ಉಪ್ಪಿನ ಮೇಲೆ ನಡೆದೋರಿಗೂ ನಿಜ, ತಲೆಗೆ ಎರಡು ಲೀಟರ್ ಗಾಡೀಲಿ ಇಟ್ಕೊಂಡಿರಿ.

ಧೋರ್ಡೋ ಪುಟ್ಟ ಊರು, 2023ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಒಳ್ಳೆ ಪ್ರವಾಸಿ ಹಳ್ಳಿ ಅಂತ ಆರಿಸಿದೆ, ರಣ್ ಉತ್ಸವ ನಡೆಯೋದೂ ಇಲ್ಲೇ, ಟೆಂಟ್ ಊರೇ ಎದ್ದಿರುತ್ತೆ. ಗಾಡಿ ನಿಲ್ಲಿಸಿ ಅಲ್ಲಿಂದ ಮುಂದೆ ನಡೀಬೇಕು, ಇಲ್ಲ ಒಂಟೆ ಗಾಡಿ. ಅಮ್ಮನ ಮಂಡಿ ನೋವಿಗೆ ನಾವು ಒಂಟೆ ಗಾಡಿ ಮಾಡಿದ್ವಿ, ಹತ್ತೋಕೆ ಮುಂಚೆ ಹೋಗೋದು ಬರೋದು ಎರಡಕ್ಕೂ ಸೇರಿಸಿ ರೇಟ್ ಮಾತಾಡಿ. ಗೇಟಿಂದ ಇಳಿದ ತಕ್ಷಣ ಜನ ನಿಂತು ಫೋಟೋ ಹೊಡ್ಕೊಳ್ತಿರ್ತಾರಲ್ಲ, ಅಲ್ಲಿ ಉಪ್ಪು ತುಳಿದು ತುಳಿದು ಬೂದಿ ಬಣ್ಣ ಆಗಿರುತ್ತೆ, ಇಷ್ಟೇನಾ ಅನ್ಸುತ್ತೆ. ನಿಲ್ಲಬೇಡಿ, ಇನ್ನೂ ಹದಿನೈದು ಇಪ್ಪತ್ತು ನಿಮಿಷ ಒಳಗೆ ನಡೀರಿ, ಗದ್ದಲ ಹಿಂದೆ ಉಳಿಯುತ್ತೆ. ಇಲ್ಲೇ ಗೈಡ್ ಬೆಲೆ ಗೊತ್ತಾಗೋದು. ಭಾಯ್ ಮುಂದೆ, ನಾವು ಅವರ ಹೆಜ್ಜೆ ಮೇಲೆ ಹೆಜ್ಜೆ. ಹೊಸ ಜಾಗ ಬಂದಾಗೆಲ್ಲ ಹಿಮ್ಮಡಿಯಿಂದ ಒಂದ್ಸಲ ಗುದ್ದಿ ನೋಡ್ತಿದ್ರು, ಟಕ್ ಅಂತ ಹಂಚಿನ ಸದ್ದು ಬಂದ್ರೆ ಸರಿ, ಮೆತ್ತಗೆ ಪಚ್ ಅಂದ್ರೆ ಸುತ್ತು ಹಾಕ್ಕೊಂಡು ಹೋಗೋದು. ಬಣ್ಣನೂ ನೋಡ್ಬೋದು, ಹಾಲು ಬಿಳುಪು ಇದ್ರೆ ಒಣಗಿದೆ, ಗಾಜಿನ ತರ ಹೊಳೀತಿದ್ರೆ ಇಲ್ಲ ಕಂದು ಬಣ್ಣಕ್ಕೆ ತಿರುಗಿದ್ರೆ ಕೆಳಗೆ ನೀರಿದೆ.

ಒಂದು ಕಡೆ ಕೂತ್ಕೊಂಡು ಗಾಡಿ ಕೀಯಿಂದ ಉಪ್ಪಿನ ಪದರ ಎಬ್ಬಿಸಿ ತೋರಿಸಿದ್ರು. ದೂರದಿಂದ ಸಪಾಟಾಗಿ ಕಾಣೋದು ಹತ್ರ ಬಂದ್ರೆ ಐದು ಮೂಲೆ ಆರು ಮೂಲೆ ಮನೆಗಳ ತರ, ಒಣಗಿದ ಕೆರೆ ಅಂಗಳ ಬಿರುಕು ಬಿಟ್ಟಂಗೆ, ಆದ್ರೆ ಇಲ್ಲಿ ಬಿರುಕಿನ ಜಾಗದಲ್ಲಿ ಉಪ್ಪು ಸೇರಿ ಬದು ಎದ್ದಿದೆ. ಪದರ ಬೆರಳು ದಪ್ಪ, ಮುರಿದ ಅಂಚಲ್ಲಿ ಚೌಕ ಚೌಕ ಹರಳು, ಒಂದಕ್ಕೊಂದು ಅಂಟ್ಕೊಂಡು ಕಲ್ಲುಸಕ್ಕರೆ ತರ. ಅದರ ಕೆಳಗೆ ಕರ್ರಗೆ ತಣ್ಣಗಿರೋ ಜೇಡಿ, ಕೆರೆ ಹೂಳಿನ ವಾಸನೆ. ಅಪ್ಪ ಚೂರು ಉಪ್ಪು ನಾಲಿಗೆಗಿಟ್ಟು ಉಗಿದ್ರು, ಕಹಿ ಐತೆ ಅಂತ. ಸಮುದ್ರದ ನೀರಲ್ಲಿರೋ ಮೆಗ್ನೀಷಿಯಂ ಲವಣಗಳೂ ಸೇರಿರೋದ್ರಿಂದ ಹಂಗೆ, ಅಡಿಗೆಗೆ ಅಂತ ಯಾರೂ ತುಂಬ್ಕೊಂಡು ಬರಬೇಡಿ. ಆಮೇಲೆ ಅಪ್ಪ ಆ ಜೇಡಿನ ಬೆರಳಲ್ಲಿ ಉಜ್ಜಿ ನೋಡ್ತಾ, ನೋಡವ್ವ, ನಮ್ಮ ನಾಲೆ ಕೆಳಗ್ಲ ಗದ್ದೆ ಚೌಳು ಬಿದ್ದೈತಲ್ಲ ಇದೇಯ ಅದು, ನೀರು ಬಸ್ಕೊಂಡು ಹೋಗಕ್ಕೆ ದಾರಿ ಇಲ್ಲ, ನೀರು ಮೇಲಿಂದ ಆರ್ತದೆ, ಉಪ್ಪು ಇಲ್ಲೇ ಕೂತ್ಕತ್ತದೆ ಅಂದ್ರು. ನಾನು ಅದನ್ನ ಹಿಂದೀಲಿ ಭಾಯ್‌ಗೆ ಹೇಳಿದೆ, ಅವರು ನಿಮ್ಮ ಗದ್ದೆಗೆ ಏನು ಮಾಡಿದ್ರಿ ಅಂತ ಕೇಳಿದ್ರು, ಅಪ್ಪ ಬಸಿಗಾಲುವೆ ತೆಗೆದಿದ್ದು, ಜಿಪ್ಸಂ ಹಾಕಿದ್ದು, ಎರಡು ವರ್ಷ ಕಬ್ಬು ಬಾರದೇ ಇದ್ದಿದ್ದು ಎಲ್ಲಾ ಹೇಳಿದ್ರು, ಇಬ್ಬರೂ ಭಾಷೆ ಬರದೆ ಕೈ ಸನ್ನೇಲಿ ಕಾಲು ಗಂಟೆ ಮಾತಾಡಿದ್ರು. ನಾನು ಅಷ್ಟು ಹೊತ್ತೂ ಫೋಟೋ ತೆಗೆಯೋದು ಬಿಟ್ಟು ಅವರನ್ನೇ ನೋಡ್ತಿದ್ದೆ.

ಆರು ಗಂಟೆ ಆದಮೇಲೆ ಬಿಳಿ ಉಪ್ಪು ಬಿಳಿಯಾಗಿ ಇರಲ್ಲ. ಮೊದಲು ಅರಿಶಿನ, ಆಮೇಲೆ ಕಾವಿ, ಸೂರ್ಯ ಮುಳುಗೋದು ಆರೂವರೆ ಆಸುಪಾಸು, ಆಗ ತುಂಬ ಜನ ಚಪ್ಪಾಳೆ ತಟ್ಟಿ ಎದ್ದು ಹೊರಟುಬಿಡ್ತಾರೆ, ನೀವು ಕೂತಿರಿ. ಮುಳುಗಿ ಹತ್ತು ನಿಮಿಷಕ್ಕೆ ಉಪ್ಪು ತಿಳಿ ನೇರಳೆ ಆಗಿ ನೆಲ ಎಲ್ಲಿ ಮುಗೀತು ಆಕಾಶ ಎಲ್ಲಿ ಶುರು ಆಯ್ತು ಗೊತ್ತಾಗಲ್ಲ, ಗಾಳಿ ನಿಂತಿದ್ರೆ ನಿಮ್ಮ ಉಸಿರು ನಿಮಗೇ ಕೇಳುತ್ತೆ. ಗೈಡ್‌ಗೆ ಮೊದಲೇ ಅರ್ಧ ಗಂಟೆ ಕೇಳಿಟ್ಕೊಳಿ ಅಂದಿದ್ದು ಇದಕ್ಕೇ. ಚಳಿ ದಿಢೀರ್ ಅಂತ ಇಳಿಯುತ್ತೆ, ಬೆಳಿಗ್ಗೆಯ ಸ್ವೆಟರ್ ಗಾಡೀಲಿ ಬಿಟ್ಟು ಬರಬೇಡಿ. ಟಾರ್ಚ್ ಇರ್ಲಿ, ಮೊಬೈಲ್ ಬ್ಯಾಟರಿ ಅಷ್ಟೊತ್ತಿಗೆ ಮುಗಿದಿರುತ್ತೆ.

ಏನೇನು ತಗೊಂಡು ಹೋಗ್ಬೇಕು ಅಂತ ಅತ್ತಿಗೆ ಕೇಳ್ತಿದ್ರು, ಅದನ್ನೂ ಹೇಳ್ಬಿಡ್ತೀನಿ. ಕೂಲಿಂಗ್ ಗ್ಲಾಸ್ ಶೋಕಿಗಲ್ಲ, ಎಲ್ರಿಗೂ ಬೇಕು, ಕಣ್ಣಿನ ಆಪರೇಷನ್ ಆಗಿರೋರಿಗಂತೂ ಡಾಕ್ಟರ್ ಹೇಳಿದ ಕನ್ನಡಕನೇ ಹಾಕಿಸಿ. ಬಿಸಿಲು ಕೆಳಗಿಂದಲೂ ಹೊಡೆಯೋದ್ರಿಂದ ಗದ್ದದ ಕೆಳಗೆ, ಮೂಗಿನ ಕೆಳಗೆ ಕೂಡ ಸನ್‌ಸ್ಕ್ರೀನ್ ಹಚ್ಚಿ, ನನಗೆ ಮೊದಲ ಸಲ ಅಲ್ಲೇ ಸುಟ್ಟಿದ್ದು. ಹಿಮ್ಮಡಿ ಒಡೆದಿರೋರು ಬರಿಗಾಲಲ್ಲಿ ನಡೆಯೋ ಆಸೆ ಬಿಡಿ, ಉಪ್ಪು ಬಿರುಕಿಗೆ ಇಳಿದ್ರೆ ಕಣ್ಣಲ್ಲಿ ನೀರು ಬರುತ್ತೆ, ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿ. ಚರ್ಮದ ಚಪ್ಪಲಿ ಬೇಡ, ರಬ್ಬರಿನ ಹಳೇ ಶೂ ಸಾಕು. ಕ್ಯಾಶ್ ಇರ್ಲಿ, ನೆಟ್‌ವರ್ಕ್ ಬಂದು ಹೋಗುತ್ತೆ. ಡ್ರೋನ್ ತಗೊಂಡು ಹೋಗಲೇಬೇಡಿ, ಬಿಎಸ್‌ಎಫ್ ಚೌಕಿ, ಗಾಡಿ ಇವುಗಳ ಫೋಟೋನೂ ಬೇಡ, ಗಡಿ ಅದು.

ವಾಪಸ್ ಭುಜ್‌ಗೆ ಎಂಬತ್ತು ಕಿಲೋಮೀಟರ್ ಮೇಲಾಗುತ್ತೆ, ಕತ್ತಲಲ್ಲಿ ಎಮ್ಮೆಗಳು ರಸ್ತೆ ಮೇಲೇ ಇರ್ತಾವೆ, ಮೇಯೋಕೆ ಹೊರಟಿರೋವು, ಅದಕ್ಕೆ ಡ್ರೈವರ್‌ಗೆ ಬೇಗ ಹೋಗಿ ಅಂತ ಅವಸರ ಮಾಡಬೇಡಿ. ರೂಮಿಗೆ ಬಂದ ತಕ್ಷಣ ಎಷ್ಟೇ ಸುಸ್ತಾಗಿದ್ರೂ ಶೂ, ಕನ್ನಡಕ, ಬ್ಯಾಗಿನ ಜಿಪ್ಪು ಎಲ್ಲಾ ಸಿಹಿನೀರಲ್ಲಿ ತೊಳೆದು ಇಡಿ, ಕ್ಯಾಮೆರಾನ ಒದ್ದೆ ಬಟ್ಟೇಲಿ ಒರೆಸಿ ಆಮೇಲೆ ಒಣ ಬಟ್ಟೇಲಿ ಒರೆಸಿ, ಬೆಳಿಗ್ಗೆ ಮಾಡೋಣ ಅಂದ್ರೆ ಅಷ್ಟರಲ್ಲಿ ತುಕ್ಕು ಶುರು ಆಗಿರುತ್ತೆ. ಅಪ್ಪನ ಪಂಚೆ ಅಂಚಿನ ಉಪ್ಪು ಬಿಡಿಸೋಕೆ ಅಮ್ಮ ಅದನ್ನ ರಾತ್ರಿ ಪೂರ್ತಿ ಬಕೆಟ್‌ನಲ್ಲಿ ನೆನೆಹಾಕಿದ್ರು, ಬೆಳಿಗ್ಗೆ ಭಾಯ್ ಫೋನ್ ಮಾಡಿ ಕಾಕಾ ಕಾಲು ಹೆಂಗಿದೆ ಅಂತ ವಿಚಾರಿಸಿದಾಗ ಅಪ್ಪ ಫೋನ್ ಇಸ್ಕೊಂಡು ಕನ್ನಡದಲ್ಲೇ, ಬ್ಯಾಸಾಯ ಮುಗಿಸ್ಕೊಂಡು ಮುಂದಿನ ಸಂಕ್ರಾಂತಿ ಆದ್ಮೇಲೆ ನೀವೇ ನಮ್ಮೂರಿಗೆ ಬನ್ನಿ, ಗದ್ದೆ ತೋರಿಸ್ತೀನಿ ಅಂದ್ರು.